ಆಫರ್ ಹಂಚುವವರು ಹೇಳದೆ ಬಿಡುವ ಮಾತು

ದಸರಾ ಹತ್ತಿರವಾಗುತ್ತಿದ್ದಂತೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಟ್ಯಾಂಕರ್ ನೀರು, ಪಾರ್ಕಿಂಗ್ ಜಗಳಗಳ ನಡುವೆ ಇನ್ನೊಂದು ಪ್ರಶ್ನೆ ತಲೆಹಾಕುತ್ತದೆ: "ಯಾರ ಹತ್ರ ಆ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದೆ? ಫ್ರಿಜ್ ಬುಕ್ ಮಾಡ್ಬೇಕಿತ್ತು, ದುಡ್ಡು ಈಗ್ಲೇ ಹಾಕ್ತೀನಿ."

2014ರ ಅಕ್ಟೋಬರ್‌ನಲ್ಲಿ ಫ್ಲಿಪ್‌ಕಾರ್ಟ್ ಮೊದಲ ಸಲ 'ಬಿಗ್ ಬಿಲಿಯನ್ ಡೇ' ನಡೆಸಿದಾಗ ಮೊದಲು ಕ್ಲಿಕ್ ಮಾಡಿದವರಿಗೆ ಮಾಲು ಸಿಗುತ್ತಿತ್ತು. 2016ರಲ್ಲಿ ಅಮೆಜಾನ್ ಪ್ರೈಮ್, 2018ರಲ್ಲಿ ಫ್ಲಿಪ್‌ಕಾರ್ಟ್ ಪ್ಲಸ್ ಬಂದವು. ಸದಸ್ಯರಿಗೆ ಮೊದಲೇ ಬಾಗಿಲು ತೆರೆಯುವುದು, ಕಾರ್ಡಿಗೊಂದು ರಿಯಾಯಿತಿ ಕೊಡುವುದು ರೂಢಿಯಾಯಿತು. ಒಂದೇ ವಸ್ತುವಿಗೆ ಒಬ್ಬೊಬ್ಬರಿಗೆ ಒಂದೊಂದು ಬೆಲೆ ಆದಮೇಲೆ ಜನ ಪರಸ್ಪರ ಕೇಳಿಕೊಳ್ಳುವುದು ಸಹಜ, ಒಳ್ಳೆಯದೂ ಹೌದು. ನನ್ನ ತಕರಾರು ಹಂಚುವುದರ ಮೇಲಲ್ಲ, ಅರ್ಧ ಮಾತ್ರ ಹಂಚುವುದರ ಮೇಲೆ.

"ಲೂಟ್! ವಾಷಿಂಗ್ ಮಷೀನ್ ಬರೀ 22,490! ಬೇಗ!" ಎಂಬ ಸಂದೇಶ ಬಂದಿದೆ ಅಂದುಕೊಳ್ಳಿ. ಲಿಂಕ್ ಒತ್ತಿದರೆ ಕಾಣುವುದು 24,990. ಸದಸ್ಯರಿಗೆ ಮಾತ್ರ ಇರುವ 1,000 ರೂಪಾಯಿ ಕೂಪನ್ ಹಾಕಿದರೆ 23,990. ಕಾರ್ಡಿನ ರಿಯಾಯಿತಿ ಶೇ. 10 ಎಂದಿದ್ದರೂ ಗರಿಷ್ಠ 1,500. ಅದು ಕಳೆದಾಗ ಸಂದೇಶದಲ್ಲಿದ್ದ ಬೆಲೆ ಸಿಕ್ಕಿತು. ಆದರೆ ಆ 1,500 ಇಎಂಐಯಲ್ಲಿ ಕೊಂಡವರಿಗೆ ಮಾತ್ರವಾದರೆ, ಬ್ಯಾಂಕು ಸಂಸ್ಕರಣಾ ಶುಲ್ಕ ಹಾಕುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ. "ಸದಸ್ಯರಿಗೆ, ಈ ಕಾರ್ಡಿಗೆ, ಇಎಂಐಗೆ, ಇವತ್ತು ರಾತ್ರಿವರೆಗೆ" ಎಂದು ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ಅದನ್ನು ಬರೆಯದೆ ಬಿಟ್ಟವರು ನೂರಾರು ಜನರ ಸಮಯ ತಿನ್ನುತ್ತಾರೆ. ಸದಸ್ಯತ್ವವೇ ಇಲ್ಲದ ಹಿರಿಯರು ಅರ್ಧ ಗಂಟೆ ಫೋನ್ ತಡಕಾಡಿ, ತಮಗೇ ತಿಳಿಯುತ್ತಿಲ್ಲವೇನೋ ಎಂದು ಸುಮ್ಮನಾಗುವುದು ನನಗೆ ಬೇಸರದ ಸಂಗತಿ.

ಲಿಂಕಿನದು ಇನ್ನೊಂದು ಕಥೆ. ಟೆಲಿಗ್ರಾಂ ಚಾನೆಲ್‌ಗಳಿಂದ ಹರಿದುಬರುವ ಬಹಳಷ್ಟು ಲಿಂಕ್‌ಗಳ ಬಾಲದಲ್ಲಿ ಕಳಿಸಿದವರ ಗುರುತು ಅಂಟಿಕೊಂಡಿರುತ್ತದೆ. ನೀವು ಕೊಂಡರೆ ಅವರಿಗೆ ಕಮಿಷನ್. ಸಂಪಾದನೆ ತಪ್ಪಲ್ಲ, ಮುಚ್ಚಿಡುವುದು ತಪ್ಪು. ಪ್ರಚಾರಕ್ಕೆ ಪ್ರತಿಫಲ ಪಡೆಯುವ ಇನ್‌ಫ್ಲುಯೆನ್ಸರ್‌ಗಳು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಪಕ್ಕದ ಮನೆಯವರ ಮಾತಿನ ಮೇಲೆ ನಮಗಿರುವ ನಂಬಿಕೆ ನಟನಟಿಯರ ಮೇಲಿರುವುದಕ್ಕಿಂತ ದೊಡ್ಡದು. ಹಾಗಾಗಿ ಅವರೂ ಹೇಳಿಬಿಡಬೇಕು.

ಇನ್ನು ಕಾರ್ಡ್ ಎರವಲು. ಮಾಹಿತಿ ಹಂಚುವುದು ಬೇರೆ, ಹಕ್ಕನ್ನೇ ಹಂಚುವುದು ಬೇರೆ. ವಸ್ತು ವಾಪಸಾದರೆ ಹಣ ಹೋಗುವುದು ಕಾರ್ಡಿನ ಯಜಮಾನರಿಗೆ. ತಡವಾದರೆ ಇಬ್ಬರ ನಡುವೆ ಮುನಿಸು. ಅಕ್ಕತಮ್ಮಂದಿರ ನಡುವೆ ಇದು ನಡೆದೀತು. ಮುನ್ನೂರು ಜನರಿರುವ ಗುಂಪಿನಲ್ಲಿ ಕಾರ್ಡ್ ನಂಬರ್, ಓಟಿಪಿ ಕೇಳುವುದನ್ನು ಅಡ್ಮಿನ್‌ಗಳು ಆ ಕ್ಷಣವೇ ತಡೆಯಬೇಕು. ಕಂಪನಿಯವರು ತಮ್ಮ ನೌಕರರಿಗೆ ಕೊಟ್ಟ ಕೋಡನ್ನು ಊರಿಗೆಲ್ಲ ಹರಡಿದರೆ ಅದು ಬೇಗ ರದ್ದಾಗುತ್ತದೆ, ನಷ್ಟ ನಿಜವಾದ ಹಕ್ಕುದಾರರಿಗೆ.

ಮಿಲಿಟರಿ ಕ್ಯಾಂಟೀನಿನ ವಿಷಯದಲ್ಲಂತೂ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. 1948ರಿಂದ ನಡೆಯುತ್ತಿರುವ ಸಿಎಸ್‌ಡಿ ವ್ಯವಸ್ಥೆಯಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ತೆರಿಗೆಯಲ್ಲಿ ವಿನಾಯಿತಿ ಇದೆ. ಅದು ವ್ಯಾಪಾರಿಯ ಆಮಿಷವಲ್ಲ, ಸೇವೆಗೆ ದೇಶ ಕೊಡುವ ಸೌಲಭ್ಯ. ಕೊಡಗಿನಂಥ ಕಡೆ ಮನೆಮನೆಯಲ್ಲೂ ಮಾಜಿ ಸೈನಿಕರಿದ್ದಾರೆ. "ಅಂಕಲ್, ನಿಮ್ಮ ಕೋಟಾದಲ್ಲಿ ಒಂದು ಟಿವಿ ತೆಗೆಸಿಕೊಡಿ" ಎಂದು ಎಲ್ಲರೆದುರು ಗುಂಪಿನಲ್ಲಿ ಕೇಳಿದರೆ, ಇಲ್ಲ ಎಂದು ನಿಷ್ಠುರವಾಗುವ ಕಷ್ಟ ನಿವೃತ್ತ ಸುಬೇದಾರರ ಪಾಲಿಗೆ ಬರುತ್ತದೆ. ಹೂಂ ಎಂದರೆ ನಿಯಮ ಮುರಿದವರು ಅವರೇ, ಕ್ಯಾಂಟೀನ್ ಕಾರ್ಡ್ ಕಳೆದುಕೊಳ್ಳುವವರೂ ಅವರೇ.