ಬಿದ್ದ ಎಲೆಯ ಲೆಕ್ಕ

ದೀಪಾವಳಿ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರದ ಠಾಣೆ ಸುದ್ದಿಗಳಲ್ಲಿ ಆಗಾಗ ಕಣ್ಣಿಗೆ ಬೀಳುವ ಹೆಸರು ಅಂದರ್ ಬಾಹರ್. ಒಂದು ಎಲೆ ತೆರೆದಿಡುತ್ತಾರೆ. ಅದು ಎಕ್ಕ ಎಂದಿಟ್ಟುಕೊಳ್ಳೋಣ. ಉಳಿದ 51 ಎಲೆಗಳಲ್ಲಿ ಎಕ್ಕ ಮೂರೇ. ಒಂದು ಅಂದರ್‌ಗೆ, ಒಂದು ಬಾಹರ್‌ಗೆ ಹಾಕುತ್ತ ಹೋದರೆ ಮುಂದಿನ ಎಕ್ಕ ಯಾವ ಕಡೆ ಬಿದ್ದೀತು ಎಂಬುದರ ಮೇಲೆ ಹಣ.

ಅರ್ಧಕ್ಕರ್ಧ ಎಂದು ತೋರುತ್ತದೆ. ಹಾಗಿಲ್ಲ.

ಆ ಮೂರು ಎಕ್ಕಗಳು 51 ಜಾಗಗಳಲ್ಲಿ ಕೂರುವ ಬಗೆಗಳು 20,825. ಅವುಗಳಲ್ಲಿ 10,725ರಲ್ಲಿ ಮೊದಲ ಎಕ್ಕ ಬೆಸ ಸಂಖ್ಯೆಯ ಜಾಗದಲ್ಲಿರುತ್ತದೆ. ಹೀಗಾಗಿ ಎಲೆ ಹಾಕಲು ಶುರುಮಾಡಿದ ಕಡೆಗೆ ಗೆಲುವಿನ ಸಂಭವ ನೂರಕ್ಕೆ 51.5.

ಎಳೆದ ಎಲೆ ಕಟ್ಟಿಗೆ ಮರಳದ ಕಾರಣ ಪ್ರತಿ ಎಳೆತಕ್ಕೂ ಲೆಕ್ಕ ಬದಲಾಗುತ್ತದೆ. ಪೂರ್ತಿ ಕಟ್ಟಿನಿಂದ ಮೊದಲ ಎಲೆ ಎಕ್ಕವಾಗುವ ಸಂಭವ 13ರಲ್ಲಿ ಒಂದು. ಅದು ಬಂದ ಮೇಲೆ ಎರಡನೆಯದೂ ಎಕ್ಕವಾಗುವುದು 17ರಲ್ಲಿ ಒಂದು. ಎರಡೂ ಸೇರಿ 221ರಲ್ಲಿ ಒಂದು. ಮೊದಲ ಎಲೆಯನ್ನು ಮತ್ತೆ ಕಟ್ಟಿಗೆ ಸೇರಿಸಿ ಕಲಸಿದ್ದರೆ 169ರಲ್ಲಿ ಒಂದಾಗುತ್ತಿತ್ತು.

ಈ ಲೆಕ್ಕ ಒಮ್ಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿನ ಮೇಲೆ ಪೊಲೀಸರು ದಾಳಿ ಮಾಡಿ, ನಿಜಾಮರ ಕಾಲದ ಹೈದರಾಬಾದ್ ಜೂಜು ಕಾಯ್ದೆಯಡಿ ಪ್ರಕರಣ ಹೂಡಿದ್ದರು. 1956ರ ನವೆಂಬರ್ 1ರವರೆಗೆ ಯಾದಗಿರಿ ಸೀಮೆಯೂ ಅದೇ ಹೈದರಾಬಾದ್ ರಾಜ್ಯದಲ್ಲಿತ್ತು. 1967ರಲ್ಲಿ ತೀರ್ಪು ಬಂತು: ರಮ್ಮಿ ಮುಖ್ಯವಾಗಿ ಕೌಶಲದ ಆಟ. ಯಾವ ಎಲೆ ಬಿತ್ತೆಂದು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಬೇಕು ಎಂಬುದು ನ್ಯಾಯಾಲಯ ಕೊಟ್ಟ ಕಾರಣ. ಎಲೆಯಾಟದ ಜೀವಾಳವನ್ನು ಇಷ್ಟು ಚೆನ್ನಾಗಿ ಹಿಡಿದ ಮಾತು ಕಾನೂನಿನ ಪುಟಗಳಲ್ಲಿ ಸಿಕ್ಕಿದ್ದು ಸಂತೋಷದ ಸಂಗತಿ.

ಎರಡು ಕಟ್ಟಿನ ರಮ್ಮಿಯಲ್ಲಿ ಆಟೀನಿನ ಐದು, ಆರು ಕೈಯಲ್ಲಿದ್ದರೆ ನಾಲ್ಕಕ್ಕೋ ಏಳಕ್ಕೋ ಕಾಯಬಹುದು; ಕೂಡುವ ಎಲೆ ನಾಲ್ಕು. ಐದು, ಏಳು ಇದ್ದರೆ ಆರು ಮಾತ್ರ ಬೇಕು; ಅಂಥವು ಎರಡೇ. ಆ ಎರಡು ಆರೂ ಕೆಳಗೆ ಬಿದ್ದದ್ದನ್ನು ಗಮನಿಸದವನು ಬಾರದ ಎಲೆಗೆ ಕೈ ತುಂಬಿಕೊಂಡು ಕೂತಿರುತ್ತಾನೆ. ಗಮನಿಸಿದವನು ಐದನ್ನೋ ಏಳನ್ನೋ ಬಿಟ್ಟು ಬೇರೆ ಜೋಡಿಗೆ ಹೊರಳುತ್ತಾನೆ.

ಅಂದರ್ ಬಾಹರ್‌ನಲ್ಲೂ ಎಲೆ ಕರಗುತ್ತವೆ. ಹತ್ತು ಎಲೆ ಬಿದ್ದರೂ ಎಕ್ಕ ಕಾಣದಿದ್ದರೆ, ಮುಂದಿನದು ಎಕ್ಕವಾಗುವ ಸಂಭವ 51ಕ್ಕೆ ಮೂರರಿಂದ 41ಕ್ಕೆ ಮೂರಕ್ಕೆ ಏರಿರುತ್ತದೆ. ಆದರೆ ಹಣ ಕಟ್ಟಿದವನ ಕೈಯಲ್ಲಿ ಎಲೆಯೇ ಇಲ್ಲ; ಇಟ್ಟುಕೊಳ್ಳುವುದೂ ಬಿಡುವುದೂ ಅವನಿಗಿಲ್ಲ.