ಚಿಪ್ಪಿಗಿಂತ ಮೊದಲು ತಳ

ಕಂಪನಮಾಪಕದ ಯೋಗ್ಯತೆಯನ್ನು ಅದರೊಳಗಿನ ಚಿಪ್ ನೋಡಿ ನಿರ್ಧರಿಸುವುದು ಈಗ ರೂಢಿಯಾಗಿದೆ. ಎಷ್ಟು ಬಿಟ್, ಸೆಕೆಂಡಿಗೆ ಎಷ್ಟು ಸಾವಿರ ಮಾದರಿ ಎಂಬುದಕ್ಕೇ ವಿವರಪಟ್ಟಿಯಲ್ಲಿ ಅಗ್ರಸ್ಥಾನ. ನನ್ನ ತಕರಾರು ಇರುವುದು ಇಲ್ಲಿಯೇ. ಯಂತ್ರದ ಅದುರು ಚಿಪ್ಪನ್ನು ಮುಟ್ಟುವುದು ಬಣ್ಣದ ಪದರ, ಎಣ್ಣೆ ಜಿಡ್ಡು, ಅಯಸ್ಕಾಂತ, ಉಪಕರಣದ ಕವಚ ಎಲ್ಲವನ್ನೂ ದಾಟಿಕೊಂಡು. ಇವುಗಳಲ್ಲಿ ಮೆತ್ತಗಿರುವುದು ಸ್ಪ್ರಿಂಗ್ ಆಗುತ್ತದೆ, ಸೆನ್ಸರ್ ಅದರ ಮೇಲೆ ಕೂತ ತೂಕವಾಗುತ್ತದೆ. ಆ ಜೋಡಿಗೆ ತನ್ನದೇ ಅನುರಣನ ಆವೃತ್ತಿ ಉಂಟು. ಅದರ ಐದನೇ ಒಂದು ಭಾಗದಲ್ಲೇ ಅಳತೆ ಶೇ. 4ರಷ್ಟು ಹೆಚ್ಚು ತೋರುತ್ತದೆ, ಮೂರನೇ ಒಂದು ಭಾಗದಲ್ಲಿ ಶೇ. 12 ಮೀರುತ್ತದೆ. ಸಾಮಾನ್ಯ ಗಾತ್ರದ ಪೀಜೋ ಸೆನ್ಸರನ್ನು ನಯಗೊಳಿಸಿದ ಜಾಗದಲ್ಲಿ ಸ್ಟಡ್ (ತಿರುಪುಮೊಳೆ) ಹಾಕಿ ಬಿಗಿದರೆ ಅನುರಣನ 30,000 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಅದನ್ನೇ ಅಯಸ್ಕಾಂತದಿಂದ ಅಂಟಿಸಿದರೆ ಸುಮಾರು 7,000ಕ್ಕೆ, ಕೈಯಲ್ಲಿ ಒತ್ತಿ ಹಿಡಿದರೆ 2,000ದ ಸುತ್ತಮುತ್ತಲಿಗೆ ಇಳಿಯುತ್ತದೆ. ಸೆನ್ಸರ್ ಒಂದೇ, ಉಪಕರಣ ಮಾತ್ರ ಮೂರು.

ನಿಮಿಷಕ್ಕೆ 1,500 ಸುತ್ತು ತಿರುಗುವ ಮೋಟಾರಿನ 6205 ಬೇರಿಂಗ್ ತೆಗೆದುಕೊಳ್ಳಿ. ಹೊರಬಳೆಯಲ್ಲಿ ಸಣ್ಣದೊಂದು ಚಕ್ಕೆ ಎದ್ದರೆ ಅದರ ಒಂಬತ್ತು ಗುಂಡುಗಳು ಸೆಕೆಂಡಿಗೆ ಸುಮಾರು 90 ಸಲ ಆ ಜಾಗವನ್ನು ಬಡಿಯುತ್ತವೆ. 90 ಹರ್ಟ್ಸ್ ಅಳೆಯುವುದು ಯಾವ ಚಿಪ್ಪಿಗೂ ಕಷ್ಟವಲ್ಲ. ಆದರೆ ಮೊದಮೊದಲಿಗೆ ಆ ಏಟು ಬಲು ಸಣ್ಣದು. ಗಂಟೆ ಬಡಿದಂತೆ ಲೋಹ ಮೊಳಗುವುದು ಹಲವು ಸಾವಿರ ಹರ್ಟ್ಸ್‌ನಲ್ಲಿ, ರೋಗದ ಮೊದಲ ಗುರುತು ಸಿಗುವುದೂ ಅಲ್ಲಿಯೇ. ಎಡಿಎಕ್ಸ್‌ಎಲ್345ರಂಥ ಅಗ್ಗದ ಚಿಪ್ 1,600 ಹರ್ಟ್ಸ್‌ಗೇ ನಿಲ್ಲುತ್ತದೆ. 11,000 ಹರ್ಟ್ಸ್‌ವರೆಗೆ ಕೇಳಬಲ್ಲ ಎಡಿಎಕ್ಸ್‌ಎಲ್1002 ತಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದರೆ ಆ ಸಾಮರ್ಥ್ಯವನ್ನು ಡಬ್ಬಿಯೇ ನುಂಗುತ್ತದೆ.

ಐಎಸ್‌ಒ 20816 ಮಾನದಂಡ ಸಾಮಾನ್ಯ ಯಂತ್ರಗಳಿಗೆ ಕೇಳುವುದು 10ರಿಂದ 1,000 ಹರ್ಟ್ಸ್ ಮಾತ್ರವಲ್ಲವೇ ಎನ್ನಬಹುದು. ನಿಜ. ತೂಕದ ಅಸಮತೋಲ, ಶಾಫ್ಟಿನ ಜೋಡಣೆಯ ಓರೆ ಇವಕ್ಕೆಲ್ಲ ಅಷ್ಟು ಸಾಕು, ಅಗ್ಗದ ಉಪಕರಣವೂ ಅಲ್ಲಿ ಉಪಯುಕ್ತವೇ. ಆದರೆ ಅದೇ ಡಬ್ಬಿಯ ಮೇಲೆ ‘ಬೇರಿಂಗ್ ಆರೋಗ್ಯ’ ಎಂದು ಬರೆಯುವುದನ್ನು ಒಪ್ಪಲಾಗದು. ತಪ್ಪನ್ನು ಸಾಫ್ಟ್‌ವೇರ್ ತಿದ್ದುತ್ತದೆ ಎಂಬ ವಾದವೂ ಇದೆ. ತಿದ್ದಲು ತಪ್ಪು ಪ್ರತಿ ಸಲವೂ ಒಂದೇ ಆಗಿರಬೇಕು. ಕೈಯ ಒತ್ತಡ ಇಂದು ಇದ್ದಂತೆ ನಾಳೆ ಇರುವುದಿಲ್ಲ. ಇನ್ನು ಖರ್ಚಿನ ಮಾತು: ಸ್ಟಡ್ ಕೂರಿಸಲು ಬೇರಿಂಗ್ ಮನೆಯ ಮೇಲೆ ಒಂದು ತೂತು ಕೊರೆದು ತಿರುಪಿನ ಎಳೆ ಹಾಕುವುದು ದುಬಾರಿ ಕೆಲಸವೇನಲ್ಲ.

ಕೊಳ್ಳುವವರು ದಯವಿಟ್ಟು ಇದೊಂದನ್ನು ಕೇಳಿ: ಪಟ್ಟಿಯಲ್ಲಿರುವ ಆವೃತ್ತಿ ವ್ಯಾಪ್ತಿಯನ್ನು ಸೆನ್ಸರನ್ನು ಹೇಗೆ ಕೂರಿಸಿ ಅಳೆದಿದ್ದೀರಿ? ಉತ್ತರ ಬಾರದಿದ್ದರೆ ಆ ಅಂಕಿ ಚಿಪ್ಪಿನದು, ಉಪಕರಣದ್ದಲ್ಲ.