ಬ್ರೆಡ್ಡಿನ ಋಣ

ಸುಜಾನ್ ಕಾಲಿನ್ಸ್‌ರ ‘ದಿ ಹಂಗರ್ ಗೇಮ್ಸ್’ (2008) ಕಾದಂಬರಿಯಲ್ಲಿ 24 ಮಕ್ಕಳನ್ನು ಕಣಕ್ಕಿಳಿಸಿ, ಒಬ್ಬರೇ ಉಳಿಯುವವರೆಗೆ ಕಾದಾಡಿಸುತ್ತಾರೆ. ತಂಗಿಯ ಬದಲು ತಾನೇ ಹೊರಡುವ ಕ್ಯಾಟ್ನಿಸ್‌ಳ ಧೈರ್ಯವನ್ನು ಎಲ್ಲರೂ ಮೆಚ್ಚುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಬ್ರೆಡ್ಡು.

ಹಿಂದೊಮ್ಮೆ ಹಸಿದು ಕಂಗೆಟ್ಟಿದ್ದ ಅವಳಿಗೆ ಪೀಟಾ, ತಾಯಿಯ ಏಟು ತಿಂದೂ, ಸೀದ ಬ್ರೆಡ್ಡು ಎಸೆದಿದ್ದ. ಈಗ ಅವನೂ ಕಣದಲ್ಲಿದ್ದಾನೆ. ಅಲ್ಲಿ ಪುಟ್ಟ ರೂ ಸತ್ತಾಗ ಕ್ಯಾಟ್ನಿಸ್ ಅವಳ ಮೈಯನ್ನು ಹೂವಿನಿಂದ ಸಿಂಗರಿಸುತ್ತಾಳೆ. ರೂಳ ಕಡೆಯ ಬಡಜನ ಇವಳಿಗೆ ಬ್ರೆಡ್ಡು ಕಳಿಸುತ್ತಾರೆ.

ಪೀಟಾನ ಪ್ರೀತಿ ನಿಜವೋ ನಟನೆಯೋ ಎಂದು ಅನುಮಾನಿಸುತ್ತಲೇ ಇದ್ದವಳು, ಕೊನೆಗೆ ಅವನೊಂದಿಗೆ ವಿಷದ ಹಣ್ಣು ಹಿಡಿದು ನಿಲ್ಲುತ್ತಾಳೆ. ಆಟದ ಕಟ್ಟಳೆ ಸೋಲುವುದು ಅಲ್ಲೇ. ಅನುಮಾನವಿದ್ದೂ ನಂಬುವುದೇ ಧೈರ್ಯವೇನೋ.

ಮೊದಲ ಸ್ಥಾನ ಒಬ್ಬರಿಗೇ ಎಂದು ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ ಟೀಚರು ನಾನು. ಪುಸ್ತಕ ಮುಚ್ಚುವಾಗ ನಾಚಿಕೆಯಾಯಿತು.